ಗಾಲಿ, ಗಾಳಿ ಮತ್ತು ಕಾಲು



ಸವದತ್ತಿ ತಾಲ್ಲೂಕಿನ ಉಗರಗೋಳದ ಹೆಸರನ್ನು ನಿಮ್ಮಲ್ಲಿ ಬಹಳ ಜನ ಯಲ್ಲಮ್ಮನ ಗುಡ್ಡದ ಜೊತೆಗೇ ಕೇಳಿರುತ್ತೀರಿ. ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಕಾಲ್ನಡಿಗೆ ಹೀಗೆ ಸಿಕ್ಕ ದಾರಿಯಲ್ಲಿ ಸಿಕ್ಕ ವಾಹನದಲ್ಲಿ ಜನ ಆ ಗುಡ್ಡ ಏರುತ್ತಾರೆ. ಆ ಊರಿನ ಹುಡುಗನೊಬ್ಬ, ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುವವನು, ಒಂದು ಸಂಜೆ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಅವನು ಏಳನೆಯವನಾಗಿ ಬಂದಿದ್ದ. ಮೊದಲ ಮೂರು ಬಹುಮಾನ ಪಡೆದವರ ಸೈಕಲ್ಲುಗಳನ್ನು ಚೆನ್ನಾಗಿ ನೋಡಿಕೊಂಡು ಬಂದಿದ್ದ.

"ಸರ್, ಮುಂದ ಹ್ವಾದ ಮೂರೂ ಮಂದೀವು ಕಾರ್ಬನ್ ಗಾಲಿ ಇದ್ವು ರೀ. ನನಗೂ ಅಂಥಾವ ಇದ್ದಿದ್ರ ನಾ ಗೆಲ್ತಿದ್ನೇನ್ರಿ? ನಮ್ಮಪ್ಪ ಎತ್ತು ಮಾರಾಕ ತಯಾರಾಗ್ಯಾನ್ರಿ."

ಪ್ರಶ್ನೆಯ ಮೊದಲ ಭಾಗಕ್ಕೆ ನಗುತ್ತ ಉತ್ತರ ಕೊಡಬಹುದಿತ್ತು. ಕೊನೆಯ ಮಾತು ಕೇಳಿದ ಮೇಲೆ ನಗುವಂತಿರಲಿಲ್ಲ. ಪರದೇಶದಿಂದ ಬರುವ ಕಾರ್ಬನ್ ಗಾಲಿಯ ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಒಕ್ಕಲುತನದ ಮನೆಯಲ್ಲಿ ಅಷ್ಟು ಹಣವೆಂದರೆ ಒಂದು ಜೋಡಿ ಎತ್ತು, ಇಲ್ಲವೆ ಮಗಳ ಕಾಲೇಜಿನ ಫೀ, ಇಲ್ಲವೆ ಬಡ್ಡಿಯ ಸಾಲ. ಹಾಗಾಗಿ ಹುಡುಗನಿಗೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಹೇಳದೆ, ಲೆಕ್ಕ ಹಾಕಿ ನೋಡೋಣ ಎಂದೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಕಾಗದ ಪೆನ್ಸಿಲು ಹತ್ತಿರವಿಟ್ಟುಕೊಂಡರೆ ಒಳ್ಳೆಯದು.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಜಾತ್ರೆಗೆ ಗಾಡಿ ಶರ್ಯತ್ತು ಇರುವಂತೆ ಸೈಕಲ್ ಶರ್ಯತ್ತೂ ಇರುತ್ತದೆ. ಈ ಭಾಗಕ್ಕೆ ಸೈಕಲ್ಲಿನ ನಂಟು ಗಾಢವಾದದ್ದು. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ನಿಲಯಗಳಲ್ಲಿ ಪಳಗಿದ ಹುಡುಗ ಹುಡುಗಿಯರು ರಾಜ್ಯದ ತಂಡದಲ್ಲಿ ಓಡಿಸಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಹೊಲಮನೆ ಮಾಡುವವರ ಮಕ್ಕಳು. ಶಾಲೆಗೆ ಹೋಗುವಾಗ ಅಪ್ಪನ ದೊಡ್ಡ ಸೈಕಲ್ಲಿನ ನಡುವಿನ ಕಂಬಿಯ ಕೆಳಗೆ ಕಾಲು ತೂರಿಸಿ ತುಳಿಯಲು ಕಲಿತವರು. 2006-07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಟ್ಟಿತ್ತು. ನಿಮ್ಮ ಮನೆಯಲ್ಲಿ ಅಕ್ಕನದೋ ಅಣ್ಣನದೋ ಅಂಥದೊಂದು ಸೈಕಲ್ ಇನ್ನೂ ಇರಬಹುದು. ಅದನ್ನು ಒಮ್ಮೆ ಎತ್ತಿ ನೋಡಿ. ಆ ಭಾರ ಕೈಗೆ ನೆನಪಿದ್ದರೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ.

ಸೈಕಲ್ ತುಳಿಯುವವನ ಬಲವನ್ನು ತಿನ್ನುವವರು ಮೂವರು. ಒಂದು, ಏರಿನಲ್ಲಿ ಕೆಳಗೆ ಎಳೆಯುವ ಭೂಮಿಯ ಸೆಳೆತ. ಎರಡು, ನೆಲಕ್ಕೆ ಒತ್ತಿ ಉರುಳುವ ಟೈರಿನ ಘರ್ಷಣೆ. ಮೂರು, ಎದುರಿನ ಗಾಳಿ. ಇವರ ಜೊತೆಗೆ ಚೈನು ಬೇರಿಂಗುಗಳೂ ಚಿಲ್ಲರೆ ತಿನ್ನುತ್ತವೆ. ಅಂಗಡಿಯವನು ಮಾರುವ ಯಾವ ಭಾಗವೇ ಆಗಲಿ, ಇವರಲ್ಲಿ ಯಾರ ಪಾಲನ್ನು ಎಷ್ಟು ತಗ್ಗಿಸುತ್ತದೆ ಎಂದು ಕೇಳಬೇಕು. ಬೆಲೆಯ ಚೀಟಿಯಲ್ಲಿ ಅದು ಬರೆದಿರುವುದಿಲ್ಲ.

ಮೊದಲು ಏರನ್ನು ನೋಡೋಣ. ಸವಾರನ ತೂಕ 60 ಕಿಲೋ, ಸೈಕಲ್ಲಿನದು 10 ಕಿಲೋ, ಒಟ್ಟು 70 ಎಂದಿಟ್ಟುಕೊಳ್ಳಿ. ಗುಡ್ಡದ ರಸ್ತೆಯಲ್ಲಿ 100 ಮೀಟರು ಎತ್ತರ ಏರಬೇಕು. ನಿಮ್ಮ ಪಠ್ಯಪುಸ್ತಕದ ಸೂತ್ರದಂತೆ 70ನ್ನು 9.8ರಿಂದ, ಬಂದದ್ದನ್ನು 100ರಿಂದ ಗುಣಿಸಿದರೆ 68,600 ಜೂಲ್ ಶಕ್ತಿ ಬೇಕು. ನಮ್ಮ ಸವಾರ ಏರಿಗೆಂದು ಸೆಕೆಂಡಿಗೆ 200 ಜೂಲ್, ಅಂದರೆ 200 ವ್ಯಾಟ್ ಸಾಮರ್ಥ್ಯ ಮೀಸಲಿಡಬಲ್ಲ. ಭಾಗಿಸಿದರೆ 343 ಸೆಕೆಂಡು. ಐದು ನಿಮಿಷ 43 ಸೆಕೆಂಡು. ಈಗ ಸೈಕಲ್ಲಿನಿಂದ ಒಂದು ಕಿಲೋ ತೂಕ ತೆಗೆಯಿರಿ. 338 ಸೆಕೆಂಡು ಆಗುತ್ತದೆ. ಉಳಿದದ್ದು ಐದು ಸೆಕೆಂಡು.

ಕಾರ್ಬನ್ ಗಾಲಿಯ ಜೋಡಿ ಹಳೆಯ ಅಲ್ಯೂಮಿನಿಯಂ ಗಾಲಿಗಿಂತ 400 ಗ್ರಾಂ ಹಗುರ ಎಂದು ಹಿಡಿದರೆ, ಆ 100 ಮೀಟರಿನ ಏರಿನಲ್ಲಿ ಉಳಿಯುವುದು ಎರಡು ಸೆಕೆಂಡು. ಲಕ್ಷ ರೂಪಾಯಿಗೆ ಎರಡು ಸೆಕೆಂಡು. ಫ್ರೇಮಿಗೆ ಸಿಕ್ಕಿಸಿದ ಮುಕ್ಕಾಲು ಲೀಟರಿನ ನೀರಿನ ಬಾಟಲಿಯನ್ನು ಕುಡಿದು ಖಾಲಿ ಮಾಡಿ ರಸ್ತೆಯ ಬದಿಗೆ ಬೆವರಾಗಿ ಬಿಟ್ಟರೂ ಸುಮಾರು ಮೂರೂವರೆ ಸೆಕೆಂಡು ಉಳಿಯುತ್ತದೆ. ಬಿಸಿಲಲ್ಲಿ ನೀರಿಲ್ಲದೆ ಹೋಗಿ ಎಂದು ನಾನು ಹೇಳುತ್ತಿಲ್ಲ; ತೂಕದ ಅಳತೆ ತಿಳಿಯಲೆಂದು ಹೇಳಿದೆ.

ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನೂ ಮರೆಯಬಾರದು. ನಮ್ಮ ಹಳ್ಳಿಯ ಸಾದಾ ಸೈಕಲ್ಲು 20 ಕಿಲೋ ತೂಗುತ್ತದೆ. ಅದರ ಮೇಲೆ ಅದೇ ಹುಡುಗ ಅದೇ ಏರನ್ನು ಏರಲು 392 ಸೆಕೆಂಡು ಬೇಕು. ಹತ್ತು ಕಿಲೋ ಸೈಕಲ್ಲಿನವನು ಅವನಿಗಿಂತ 49 ಸೆಕೆಂಡು ಮುಂದೆ ಇರುತ್ತಾನೆ. ಜೊತೆಗೆ ಗೇರು ಇಲ್ಲದವನು ಎದ್ದುನಿಂತು ಒದ್ದಾಡಿ ತುಳಿಯಬೇಕು. ಹೀಗಾಗಿ "ಸೈಕಲ್ ಎಂಥದಾದರೇನು, ಕಾಲಲ್ಲಿ ಕಸುವಿದ್ದರೆ ಸಾಕು" ಎಂದು ಕೆಲವು ಹಿರಿಯರು ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ಸಾದಾ ಸೈಕಲ್ಲಿನಿಂದ ಒಂದು ಹದವಾದ ರೇಸ್ ಸೈಕಲ್ಲಿಗೆ ಏರುವ ಮೊದಲ ಮೆಟ್ಟಿಲು ದೊಡ್ಡದು. ಅಲ್ಲಿಂದ ಮುಂದೆ ಮೆಟ್ಟಿಲು ಕಿರಿದಾಗುತ್ತ ಹೋಗುತ್ತದೆ, ಬೆಲೆ ಮಾತ್ರ ಹಿರಿದಾಗುತ್ತ ಹೋಗುತ್ತದೆ. ಉಗರಗೋಳದ ಹುಡುಗ ಮೊದಲ ಮೆಟ್ಟಿಲನ್ನು ಆಗಲೇ ಏರಿದ್ದ. ಧಾರವಾಡದಲ್ಲಿ ಯಾರೋ ಬಳಸಿ ಮಾರಿದ ಗೇರಿನ ಸೈಕಲ್ಲು ಅವನ ಬಳಿ ಇತ್ತು.

ತಿರುಗುವ ಗಾಲಿಯ ತೂಕಕ್ಕೆ ಎರಡು ಪಟ್ಟು ಬೆಲೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ ಎಂದು ಹುಡುಗ ತಕರಾರು ತೆಗೆದ. ಮಾತು ಸುಳ್ಳಲ್ಲ, ಅರ್ಧ ನಿಜ. ರಿಮ್ಮಿನಲ್ಲಿರುವ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ತಿರುಗಬೇಕು. ಆದ್ದರಿಂದ ವೇಗ ಏರಿಸುವಾಗ ಅದಕ್ಕೆ ಎರಡರಷ್ಟು ಶಕ್ತಿ ಬೇಕು. ಆದರೆ ಎಷ್ಟರ ಎರಡರಷ್ಟು? 70 ಕಿಲೋ ಭಾರ ಗಂಟೆಗೆ 36 ಕಿಲೋಮೀಟರ್ ವೇಗ ತಲುಪಲು 3,500 ಜೂಲ್ ಬೇಕು. ರಿಮ್ಮಿನ 400 ಗ್ರಾಂ ಕೇಳುವುದು 40 ಜೂಲ್. ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು. ಅದೂ ವೇಗ ಹೆಚ್ಚಿಸುವ ಆ ಕೆಲವು ಕ್ಷಣ ಮಾತ್ರ. ಒಂದೇ ವೇಗದಲ್ಲಿ ಹೋಗುತ್ತಿರುವಾಗ ಆ ಎರಡು ಪಟ್ಟಿಗೆ ಅರ್ಥವೇ ಇಲ್ಲ.

ಇನ್ನು ಗಾಳಿಯ ವಿಷಯ. ಇದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಬಯಲಿನ ಶರ್ಯತ್ತು ಗಾಳಿಯ ಜೊತೆಗಿನ ಕುಸ್ತಿ. ಆಷಾಢದಲ್ಲಿ ಸವದತ್ತಿಯಿಂದ ಧಾರವಾಡದ ಕಡೆಗೆ ಸೈಕಲ್ ತುಳಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎರಿ ಹೊಲಗಳ ಮೇಲಿಂದ ತಡೆಯಿಲ್ಲದೆ ಬರುವ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಂತಾಗುತ್ತದೆ. ಹಿಂದಿನ ಕ್ಯಾರಿಯರಿಗೆ ಜೋಳದ ಕಣಕಿಯ ಸಿವುಡು ಅಡ್ಡ ಕಟ್ಟಿಕೊಂಡು ಬರುವ ರೈತ ಇಳಿದು ತಳ್ಳಿಕೊಂಡೇ ಹೋಗುವುದನ್ನು ನೋಡಿದ್ದೀರಿ. ಸಿವುಡಿನ ತೂಕ ಹೆಚ್ಚಲ್ಲ. ಅದರ ಅಗಲ ಹೆಚ್ಚು.

ಗಾಳಿಯ ತಡೆಗೆ ಕೊಡಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಸಾಮರ್ಥ್ಯ ನಾಲ್ಕು ಪಟ್ಟಲ್ಲ, ಎಂಟು ಪಟ್ಟು ಬೇಕು. ಗದಗ ಸೀಮೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೂ ಈ ಘನದ ನಿಯಮದಿಂದಲೇ ಬದುಕುತ್ತವೆ: ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಸಾಮರ್ಥ್ಯ ಎಂಟುಮಡಿ. ಯಂತ್ರಕ್ಕೆ ವರವಾದದ್ದು ಸವಾರನಿಗೆ ಶಾಪ.

ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, ಗಾಳಿಯಿಲ್ಲದ ದಿನ, ಬೆನ್ನು ನೆಟ್ಟಗೆ ಮಾಡಿ ಕುಳಿತ ಸವಾರ ಗಾಳಿಗೆಂದೇ ಸುಮಾರು 220 ವ್ಯಾಟ್ ತೆರುತ್ತಾನೆ. ಅದೇ ಸವಾರ ಅದೇ ಸೈಕಲ್ಲಿನಲ್ಲಿ ಹ್ಯಾಂಡಲಿನ ಕೆಳಭಾಗ ಹಿಡಿದು, ಮೊಣಕೈ ಮಡಚಿ, ತಲೆ ತಗ್ಗಿಸಿ ಬೆನ್ನನ್ನು ನೆಲಕ್ಕೆ ಸಮವಾಗಿ ಚಾಚಿದರೆ ಅದು ಸುಮಾರು 175ಕ್ಕೆ ಇಳಿಯಬಹುದು. ಉಳಿತಾಯ 45 ವ್ಯಾಟ್. ಖರ್ಚು ಒಂದು ಪೈಸೆಯೂ ಇಲ್ಲ. 40 ಕಿಲೋಮೀಟರಿನ ಒಂಟಿ ಓಟದಲ್ಲಿ ಹತ್ತು ವ್ಯಾಟ್ ಉಳಿದರೆ ಹೆಚ್ಚುಕಡಿಮೆ ಒಂದು ನಿಮಿಷ ಉಳಿಯುತ್ತದೆ ಎಂಬ ಅಂದಾಜು ನೆನಪಿಡಿ. ಆ ಲೆಕ್ಕದಲ್ಲಿ ಬಗ್ಗಿದ ಬೆನ್ನಿನ ಬೆಲೆ ನಾಲ್ಕು ನಿಮಿಷದ ಆಸುಪಾಸು. ಕಾರ್ಬನ್ ಗಾಲಿಯ ಎತ್ತರದ ರಿಮ್ಮು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಅದೂ ನಿಜ. ಈ ವೇಗದಲ್ಲಿ ಅದು ಕೆಲವು ವ್ಯಾಟ್ ಉಳಿಸುತ್ತದೆ. ಗಾಲಿಯ ನಿಜವಾದ ಲಾಭ ಅದರ ಹಗುರದಲ್ಲಿಲ್ಲ, ಆಕಾರದಲ್ಲಿದೆ. ಆದರೆ ಗಾಳಿಗೆ ಒಡ್ಡಿಕೊಂಡ ಮೈಯ ಮುಂದೆ ಗಾಲಿ ಬಹಳ ಸಣ್ಣದು. ಗಾಳಿಯಲ್ಲಿ ಪಟಪಟ ಬಡಿಯುವ ಅಂಗಿಯನ್ನು ಮೈಗಂಟುವ ಬನಿಯನ್ನಿಗೆ ಬದಲಿಸಿದರೂ ಆ ಕೆಲವು ವ್ಯಾಟ್ ಬಂದುಬಿಡಬಹುದು.

ಮೈಯ ಭಂಗಿ ಎಷ್ಟು ದೊಡ್ಡದು ಎಂಬುದಕ್ಕೆ ಜಗತ್ತಿನ ಅತ್ಯುತ್ತಮ ಸಾಕ್ಷಿ 'ಗಂಟೆಯ ದಾಖಲೆ'ಯ ಚರಿತ್ರೆಯಲ್ಲಿದೆ. ಒಬ್ಬನೇ ಸವಾರ, ಒಂದು ದುಂಡನೆಯ ಟ್ರ್ಯಾಕು, ಒಂದು ಗಂಟೆ. ಎಷ್ಟು ದೂರ ಹೋದ ಎಂಬುದೇ ದಾಖಲೆ. ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ 49.431 ಕಿಲೋಮೀಟರ್ ಹೋದರು. ಇಟಲಿಯ ಫ್ರಾನ್ಸೆಸ್ಕೊ ಮೋಸರ್ 1984ರಲ್ಲಿ ಅದನ್ನು 51.151ಕ್ಕೆ ಏರಿಸಿದರು. ಆಮೇಲೆ 1993ರಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ಎಂಬಾತ ಬಂದರು. ಆತ ಹವ್ಯಾಸಿ ಸವಾರ. ಸೈಕಲ್ಲನ್ನು ತಾವೇ ಕಟ್ಟಿಕೊಂಡಿದ್ದರು. ಅದರಲ್ಲಿ ಬಟ್ಟೆ ಒಗೆಯುವ ಯಂತ್ರದಿಂದ ಕಿತ್ತ ಬೇರಿಂಗು ಇತ್ತು! ನಾರ್ವೆಯ ಹಾಮಾರ್ ಎಂಬಲ್ಲಿ, ತಮ್ಮ ಸೈಕಲ್ಲಿನ ಮಾದರಿಯಲ್ಲೇ ನುರಿತವರು ಹೊಸದಾಗಿ ಮಾಡಿಕೊಟ್ಟ ಸೈಕಲ್ಲಿನ ಮೇಲೆ ಮೊದಲ ದಿನ ಪ್ರಯತ್ನಿಸಿ ಸೋತರು. ಮರುದಿನ ಬೆಳಿಗ್ಗೆ ತಮ್ಮ ಹಳೆಯ ಸೈಕಲ್ಲನ್ನೇ ಹತ್ತಿ 51.596 ಕಿಲೋಮೀಟರ್ ಹೋಗಿ ದಾಖಲೆ ಮುರಿದರು. ಒಂದು ವಾರದೊಳಗೆ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 52.270 ಕಿಲೋಮೀಟರ್ ಹೋಗಿ ಅದನ್ನೂ ಮುರಿದರು, ಅದು ಬೇರೆ ಮಾತು. ಒಬ್ರಿಯ ಗುಟ್ಟು ಬೇರಿಂಗಿನಲ್ಲಿರಲಿಲ್ಲ. ಎರಡೂ ಕೈಗಳನ್ನು ಎದೆಯ ಕೆಳಗೆ ಮಡಚಿಕೊಂಡು ಗಾಳಿಗೆ ಸಿಗದಂತೆ ಮುದುಡಿ ಕೂರುವ ಭಂಗಿಯನ್ನು ಅವರು ಕಂಡುಹಿಡಿದಿದ್ದರು. ಮುಂದೆ ಆ ಭಂಗಿಯನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಷೇಧಿಸಿತು.

ಬೋರ್ಡ್‌ಮನ್ 1996ರಲ್ಲಿ ತೋಳುಗಳನ್ನು ಮುಂದಕ್ಕೆ ಚಾಚುವ ಒಬ್ರಿಯದೇ ಇನ್ನೊಂದು ಭಂಗಿಯಲ್ಲಿ, ವಿಶೇಷ ಸೈಕಲ್ಲಿನ ಮೇಲೆ 56.375 ಕಿಲೋಮೀಟರ್ ಹೋದರು. ಬಳಿಕ ಒಕ್ಕೂಟವು ಮರ್ಕ್ಸ್ ಕಾಲದ ಸೈಕಲ್ಲಿನಂಥದರ ಮೇಲೆ, ಮರ್ಕ್ಸ್ ಕೂತಂತೆ ಕೂತು ಮಾಡಿದ ದಾಖಲೆಯೇ ದಾಖಲೆ ಎಂದು ನಿಯಮ ತಂದಿತು. 2000ದಲ್ಲಿ ಅದೇ ಬೋರ್ಡ್‌ಮನ್ ಆ ನಿಯಮದಂತೆ ಓಡಿಸಿದಾಗ ಹೋದದ್ದು 49.441 ಕಿಲೋಮೀಟರ್. ಮರ್ಕ್ಸ್‌ಗಿಂತ ಹತ್ತು ಮೀಟರ್ ಹೆಚ್ಚು! ಆಗ ಅವರ ಕ್ರೀಡಾ ಜೀವನದ ಕೊನೆಯ ದಿನಗಳು. ಮೆಕ್ಸಿಕೊ ನಗರದ ತೆಳುಗಾಳಿ ಮರ್ಕ್ಸ್‌ಗೆ ಅನುಕೂಲವಾಗಿತ್ತು. ಇವನ್ನೆಲ್ಲ ಕಳೆದು ಕೂಡಿಸಬೇಕು, ನಿಜ. ಹಾಗಿದ್ದರೂ ಒಬ್ಬನೇ ಮನುಷ್ಯ ನಾಲ್ಕು ವರ್ಷದಲ್ಲಿ ಏಳು ಕಿಲೋಮೀಟರ್ ಹಿಂದೆ ಬಿದ್ದದ್ದಕ್ಕೆ ಮುಖ್ಯ ಕಾರಣ ಭಂಗಿ ಮತ್ತು ಗಾಳಿ ಸೀಳುವ ಸಲಕರಣೆ. ಸಲಕರಣೆಗೆ ಬೆಲೆಯೇ ಇಲ್ಲ ಎನ್ನುವವರಿಗೆ ಇದು ಉತ್ತರ. ಹಗುರಾದರೆ ಸಾಕು ಎನ್ನುವವರಿಗೂ ಇದೇ ಉತ್ತರ: ಈ ದಾಖಲೆಯ ಕಥೆಯಲ್ಲಿ ತೂಕದ ಪಾತ್ರ ತೀರ ಚಿಕ್ಕದು. ರಸ್ತೆಯ ರೇಸಿನಲ್ಲಂತೂ 2000ದಿಂದ ಸೈಕಲ್ಲು 6.8 ಕಿಲೋಗಿಂತ ಹಗುರ ಇರಬಾರದೆಂದು ಒಕ್ಕೂಟದ ನಿಯಮವಿದೆ.

ಇನ್ನೊಂದು ಉದಾಹರಣೆ 1989ರ ಟೂರ್ ದ ಫ್ರಾನ್ಸ್. ಕೊನೆಯ ದಿನ 24.5 ಕಿಲೋಮೀಟರಿನ ಒಂಟಿ ಓಟ. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ಮೊಣಕೈಯೂರಿ ಮುಂದಕ್ಕೆ ಬಗ್ಗುವ ಹೊಸ ಹ್ಯಾಂಡಲನ್ನು ಅವರು ಹಾಕಿಸಿಕೊಂಡಿದ್ದರು. ಫ್ರಾನ್ಸಿನ ಲೊರಾಂ ಫಿನ್ಯೋ ಹಾಕಿಸಿರಲಿಲ್ಲ, ತಲೆಗೆ ಶಿರಸ್ತ್ರಾಣವೂ ಇರಲಿಲ್ಲ. ಮೂರು ವಾರಗಳ ರೇಸು ಎಂಟು ಸೆಕೆಂಡಿನಲ್ಲಿ ಲೆಮಾಂಡ್ ಪಾಲಾಯಿತು. ಇಬ್ಬರೂ ಕಾಲಿನ ಬಲದಲ್ಲಿ ಕೂದಲೆಳೆಯಷ್ಟೇ ಅಂತರದಲ್ಲಿದ್ದರು. ಅಂಥವರ ನಡುವೆ ಒಂದು ಹ್ಯಾಂಡಲು ತೀರ್ಪು ಹೇಳಬಲ್ಲದು.

ಉಗರಗೋಳದ ಹುಡುಗನ ಪ್ರಶ್ನೆಗೆ ಇಲ್ಲಿಯೇ ಉತ್ತರದ ತುದಿ ಸಿಗುತ್ತದೆ. ನೀನು ಮೂರನೆಯವನಿಗಿಂತ ಎಷ್ಟು ಹಿಂದೆ ಇದ್ದೆ ಎಂದು ಕೇಳಿದೆ. "ಎರಡ ನಿಮಿಷರೆ ಇದ್ದೀತು ರೀ" ಎಂದ. ಭಾಗಗಳು ಕೊಡುವುದು ಸೆಕೆಂಡುಗಳನ್ನು. ಅಂತರ ಸೆಕೆಂಡುಗಳಲ್ಲಿದ್ದರೆ ಅವು ಚಿನ್ನ. ಅಂತರ ನಿಮಿಷಗಳಲ್ಲಿದ್ದರೆ ಅವು ಆಭರಣ. ಇನ್ನೂ ಒಂದು ಮಾತು: ಜಾತ್ರೆಯ ಶರ್ಯತ್ತು ಒಂಟಿ ಓಟವಲ್ಲ, ಗುಂಪಿನ ಓಟ. ಮುಂದಿನವನ ಹಿಂದೆ ಒಂದು ಮೊಳದ ಅಂತರದಲ್ಲಿ ಹೋಗುವವನಿಗೆ ಗಾಳಿಯ ತಡೆಯಲ್ಲಿ ಮೂರನೆಯ ಒಂದು ಪಾಲಿನಷ್ಟು ಉಳಿಯುತ್ತದೆ. ಯಾವ ಗಾಲಿಯೂ ಅಷ್ಟು ಕೊಡಲಾರದು. ನಮ್ಮ ಹುಡುಗ ಹುರುಪಿನಲ್ಲಿ ಮೊದಲ ಹತ್ತು ಕಿಲೋಮೀಟರ್ ತಾನೇ ಮುಂದಿದ್ದನಂತೆ. ಹಿಂದಿದ್ದವರಿಗೆಲ್ಲ ಅಷ್ಟು ಹೊತ್ತು ಪುಕ್ಕಟೆಯಾಗಿ ಗಾಳಿ ತಡೆದುಕೊಟ್ಟ ಪುಣ್ಯಾತ್ಮ!

ಟೈರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಲ್ಲಿ ಹಣ ಹಾಕುವುದು ಸಾರ್ಥಕ. ದಪ್ಪ ರಬ್ಬರಿನ ಅಗ್ಗದ ಟೈರಿಗೂ ಮೆದುವಾದ ಒಳ್ಳೆಯ ರೇಸ್ ಟೈರಿಗೂ 36 ಕಿಲೋಮೀಟರ್ ವೇಗದಲ್ಲಿ ಹತ್ತರಿಂದ ಹದಿನೈದು ವ್ಯಾಟ್ ವ್ಯತ್ಯಾಸವಾಗಬಹುದು. ಬೆಲೆ ಲಕ್ಷವಲ್ಲ, ಕೆಲವು ಸಾವಿರ. ಹೋಲಿಕೆಗೆ ಹೇಳುವುದಾದರೆ, ಸೈಕಲ್ಲಿನಿಂದ ಒಂದು ಕಿಲೋ ತೂಕ ತೆಗೆದರೆ ಸಪಾಟು ರಸ್ತೆಯಲ್ಲಿ ಒಂದು ವ್ಯಾಟ್ ಕೂಡ ಉಳಿಯುವುದಿಲ್ಲ. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗಿ ತುಂಬಿಸುವುದೂ ತಪ್ಪು. ನಮ್ಮ ಒರಟು ರಸ್ತೆಯಲ್ಲಿ ತೀರ ಗಟ್ಟಿಯಾದ ಟೈರು ಕುಣಿಯುತ್ತದೆ. ಕುಣಿದಷ್ಟೂ ನಿಮ್ಮ ಶಕ್ತಿ ಮೇಲಕ್ಕೆ ಹೋಗುತ್ತದೆ, ಮುಂದಕ್ಕಲ್ಲ. ದೊಡ್ಡ ರೇಸಿನವರೂ 23 ಮಿಲಿಮೀಟರಿನ ಸಪೂರ ಟೈರನ್ನು ಬಿಟ್ಟು 25, 28ರ ಅಗಲಕ್ಕೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಚೈನಿನ ಧೂಳು ತೊಳೆದು ಹದವಾಗಿ ಎಣ್ಣೆ ಹಾಕುವುದರಿಂದ ಮತ್ತೆ ಕೆಲವು ವ್ಯಾಟ್. ಎರಿ ಮಣ್ಣಿನ ಸೀಮೆಯಲ್ಲಿ ಇದು ವಾರಕ್ಕೊಮ್ಮೆಯ ಕೆಲಸ. ಚಕ್ಕಡಿಗೆ ಕೀಲೆಣ್ಣೆ ಹಾಕದೆ ಊರು ಬಿಡುವ ಒಕ್ಕಲಿಗನಿಲ್ಲ. ಅವನ ಮಗ ಕಿರುಗುಟ್ಟುವ ಚೈನಿನೊಂದಿಗೆ ಶರ್ಯತ್ತಿಗೆ ಹೋಗುತ್ತಾನೆ. ವಿದ್ಯುತ್ತಿನಿಂದ ಬದಲಾಗುವ ಗೇರು, ಪಿಂಗಾಣಿ ಗುಂಡಿನ ಬೇರಿಂಗು ಮೊದಲಾದವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೊದಲನೆಯದು ಸುಖ ಕೊಡುತ್ತದೆ, ಎರಡನೆಯದು ಒಂದೆರಡು ವ್ಯಾಟ್. ಬ್ರೇಕಿನ ರಬ್ಬರು ಮತ್ತು ತಲೆಯ ಶಿರಸ್ತ್ರಾಣದ ಹಣವನ್ನು ಮಾತ್ರ ಈ ಯಾವ ಲೆಕ್ಕಕ್ಕೂ ಸೇರಿಸಬೇಡಿ. ಅದು ಮೊದಲೇ ತೆಗೆದಿಡಬೇಕಾದ ಹಣ.

ಕಾಲಿನ ಪಾಲು ಎಷ್ಟು? ಒಂದು ವರ್ಷ ಕ್ರಮವಾಗಿ ತಾಲೀಮು ಮಾಡಿದ ಹೊಸ ಸವಾರನ ಸಾಮರ್ಥ್ಯ 200 ವ್ಯಾಟಿನಿಂದ 230ಕ್ಕೆ ಏರುವುದು ಅಪರೂಪವೇನಲ್ಲ. ಮೇಲಿನ ಏರಿನ ಲೆಕ್ಕವನ್ನು 230ರಿಂದ ಭಾಗಿಸಿ ನೋಡಿ: 298 ಸೆಕೆಂಡು. ಗಾಲಿಯಿಂದ ಎರಡು ಸೆಕೆಂಡು, ತಾಲೀಮಿನಿಂದ 45 ಸೆಕೆಂಡು. ಗಾಡಿ ಶರ್ಯತ್ತಿಗೆ ಎತ್ತು ಕಟ್ಟುವವರಿಗೆ ಇದು ಹೊಸ ಮಾತಲ್ಲ. ಅವರು ಮೊದಲು ಹುರುಳಿ, ಹತ್ತಿಕಾಳಿಗೆ ಹಣ ಹಾಕುತ್ತಾರೆ, ಗಾಡಿಯ ಬಣ್ಣಕ್ಕೆ ಆಮೇಲೆ. ಹುಡುಗ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಶರ್ಯತ್ತಿಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು.

ಇಷ್ಟೆಲ್ಲ ಕೇಳಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಗೆಳೆಯನ ಕಾರ್ಬನ್ ಗಾಲಿಯನ್ನು ಒಂದು ದಿನ ಹಾಕಿಕೊಂಡು ಹೋಗಿದ್ದನಂತೆ. "ಹಾರಿದಂಗ ಆತ್ರಿ ಸರ್" ಎಂದ. ಸುಳ್ಳು ಹೇಳುವ ಹುಡುಗನಲ್ಲ. ಆದರೆ ಹೊಸ ವಸ್ತು ಕೈಗೆ ಬಂದ ದಿನ ನಾವೆಲ್ಲ ಜೋರಾಗಿಯೇ ತುಳಿಯುತ್ತೇವೆ. ಆ ದಿನ ಗಾಳಿ ಬೆನ್ನಿಗಿತ್ತೋ ಏನೋ ನೆನಪಿಡುವುದಿಲ್ಲ. ಔಷಧದ ವಿಷಯದಲ್ಲಿ ವೈದ್ಯರಿಗೆ ಈ ತೊಂದರೆ ಬಹಳ ಹಿಂದಿನಿಂದ ಗೊತ್ತು. ಸಕ್ಕರೆಯ ಗುಳಿಗೆ ಕೊಟ್ಟರೂ ಕೆಲವು ರೋಗಿಗಳು ಹಗುರವಾಯಿತು ಎನ್ನುತ್ತಾರೆ. ಇದಕ್ಕೆ ಅವರು ಕಂಡುಕೊಂಡ ಉಪಾಯ, ಯಾರಿಗೆ ಯಾವ ಔಷಧ ಎಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡುವುದು.

ಈ ಉಪಾಯವನ್ನು ಸೈಕಲ್ಲಿಗೆ ಹಚ್ಚಿದವರು ಇಂಗ್ಲೆಂಡಿನ ಜೆರೆಮಿ ಗ್ರೋವ್ಸ್ ಎಂಬ ಅರಿವಳಿಕೆ ವೈದ್ಯರು. ಅವರ ಬಳಿ ಐವತ್ತು ಪೌಂಡಿಗೆ ಕೊಂಡ 13.5 ಕಿಲೋ ತೂಕದ ಹಳೆಯ ಉಕ್ಕಿನ ಸೈಕಲ್ಲೂ, ಸಾವಿರ ಪೌಂಡಿಗೆ ಕೊಂಡ 9.5 ಕಿಲೋ ತೂಕದ ಹೊಸ ಕಾರ್ಬನ್ ಸೈಕಲ್ಲೂ ಇದ್ದವು. ಆಸ್ಪತ್ರೆಗೆ ಹೋಗಿ ಬರಲು ಒಟ್ಟು ಸುಮಾರು 43 ಕಿಲೋಮೀಟರ್. 2010ರಲ್ಲಿ ಆರು ತಿಂಗಳು, ಬೆಳಿಗ್ಗೆ ಹೊರಡುವ ಮೊದಲು ನಾಣ್ಯ ಚಿಮ್ಮಿ, ಅದು ಹೇಳಿದ ಸೈಕಲ್ಲನ್ನೇ ಹತ್ತಿದರು, ಹೊತ್ತು ಬರೆದಿಟ್ಟರು. ಎರಡಕ್ಕೂ ಸರಾಸರಿ ಒಂದು ಗಂಟೆ 48 ನಿಮಿಷದ ಆಸುಪಾಸು. ವ್ಯತ್ಯಾಸ ಒಂದು ನಿಮಿಷದೊಳಗೆ. ಅದೂ ಹಳೆಯ ಸೈಕಲ್ಲಿನ ಕಡೆಗೆ! ಬ್ರಿಟಿಷ್ ಮೆಡಿಕಲ್ ಜರ್ನಲ್ ತನ್ನ ಆ ವರ್ಷದ ಕ್ರಿಸ್‌ಮಸ್ ಸಂಚಿಕೆಯಲ್ಲಿ ಇದನ್ನು ಪ್ರಕಟಿಸಿತು. ಆ ಸಂಚಿಕೆಯಲ್ಲಿ ತಮಾಷೆಯ ವಿಷಯಗಳೂ ಇರುತ್ತವೆ, ಆದರೆ ವಿಧಾನ ತಮಾಷೆಯದಾಗಿರುವುದಿಲ್ಲ. ಒಬ್ಬನೇ ಸವಾರ, ರೇಸೂ ಅಲ್ಲ. ಆದ್ದರಿಂದ ಇದು ಎಲ್ಲರಿಗೂ ಅನ್ವಯಿಸುವ ತೀರ್ಪಲ್ಲ. ನಾಲ್ಕು ಕಿಲೋ ವ್ಯತ್ಯಾಸವನ್ನು ದಿನದಿನದ ಗಾಳಿ, ಮಳೆ, ನಿದ್ದೆಗಳ ವ್ಯತ್ಯಾಸ ನುಂಗಿಹಾಕಿತು ಎಂಬುದನ್ನಂತೂ ಇದು ತೋರಿಸಿತು.

ಇದನ್ನು ನೀವೂ ಮಾಡಬಹುದು. ವಾಹನ ಕಡಿಮೆಯಿರುವ ಹೊತ್ತು, ಹೋಗಿ ಬರುವ ಒಂದೇ ದಾರಿ. ಹೋಗಿ ಬಂದರೆ ಗಾಳಿ ಒಮ್ಮೆ ಎದುರು ಒಮ್ಮೆ ಬೆನ್ನಿಗೆ ಬರುತ್ತದೆ. ಇಳಿಜಾರಿನ ಗುಡ್ಡ ಬೇಡ, ಅಲ್ಲಿ ಅವಸರಕ್ಕೆ ಪ್ರಾಣದ ಬೆಲೆ. ನಾಣ್ಯ ಚಿಮ್ಮಿ ಗಾಲಿ ಆರಿಸಿ, ಕನಿಷ್ಠ ಇಪ್ಪತ್ತು ದಿನ ಹೊತ್ತನ್ನು ನೋಟುಪುಸ್ತಕದಲ್ಲಿ ಬರೆಯಿರಿ. ಮೊದಲ ವಾರದ ಅಂಕಿ ನೋಡಿ ತೀರ್ಮಾನಕ್ಕೆ ಹಾರಬೇಡಿ. ನಾಣ್ಯ ಹೇಳಿದ್ದು ಮನಸ್ಸಿಗೆ ಒಪ್ಪಲಿಲ್ಲವೆಂದು ಎರಡನೆಯ ಸಲ ಚಿಮ್ಮಿದರೆ ಇಡೀ ಪ್ರಯೋಗ ಕೆಟ್ಟಿತೆಂದೇ ತಿಳಿಯಿರಿ.

ಒಂದು ಮಾತನ್ನು ಹಿರಿಯರಿಗೂ ಹೇಳಬೇಕಾಗಿದೆ. ಟ್ರ್ಯಾಕಿನ ಮೇಲೆ, ರಾಜ್ಯ ರಾಷ್ಟ್ರಮಟ್ಟದಲ್ಲಿ, ಪದಕವೇ ಸೆಕೆಂಡಿನ ಚೂರುಗಳಿಂದ ತೀರ್ಮಾನವಾಗುವ ಕಡೆ, ಲಕ್ಷ ಬೆಲೆಯ ಗಾಲಿ ಬೇಕೇ ಬೇಕಾಗುತ್ತದೆ. ಆ ಎತ್ತರ ಮುಟ್ಟಿದ ಹುಡುಗಿಗೆ "ಕಾಲು ಗಟ್ಟಿ ಮಾಡಿಕೋ" ಎಂದು ಉಪದೇಶಿಸುವುದು ಅನ್ಯಾಯ. ಆದರೆ ಅಂಥ ಗಾಲಿ ಕ್ರೀಡಾ ನಿಲಯದ ಕೋಣೆಯಲ್ಲಿ ಹತ್ತು ಜನರಿಗೆ ಸರದಿಯಂತೆ ಸಿಗಬೇಕಾದದ್ದು. ಒಬ್ಬೊಬ್ಬ ತಂದೆಯೂ ತನ್ನ ದನದ ಕೊಟ್ಟಿಗೆಯಿಂದ ತರಬೇಕಾದದ್ದಲ್ಲ.

ಉಗರಗೋಳದ ಹುಡುಗ ನಾಣ್ಯದ ಪ್ರಯೋಗಕ್ಕೆ ಒಪ್ಪಿಕೊಂಡಿದ್ದಾನೆ. ಗೆಳೆಯ ಗಾಲಿಗಳನ್ನು ಒಂದು ತಿಂಗಳ ಮಟ್ಟಿಗೆ ಎರವಲು ಕೊಡುತ್ತಾನಂತೆ, ಕಡ್ಡಿ ಮುರಿದರೆ ಕಟ್ಟಿಸಿಕೊಡಬೇಕೆಂಬ ಕರಾರಿನ ಮೇಲೆ. ಹುಣ್ಣಿಮೆಯ ಜಾತ್ರೆ ಮುಗಿದು ಚಕ್ಕಡಿಗಳೆಲ್ಲ ಊರಿಗೆ ಮರಳಿ ರಸ್ತೆ ತೆರವಾದ ಮೇಲೆ ಶುರುಮಾಡುತ್ತಾನೆ. ಅಪ್ಪನಿಗೆ ಲೆಕ್ಕದ ಹಾಳೆಯನ್ನು ತೋರಿಸಿದೆಯಾ ಎಂದು ಕೇಳಿದೆ. ತೋರಿಸಿದ್ದಾನೆ. ಅವರಿಗೆ ಜೂಲು ವ್ಯಾಟು ತಿಳಿಯಲಿಲ್ಲವಂತೆ, ಕಣಕಿಯ ಸಿವುಡಿನ ಮಾತು ತಿಳಿಯಿತಂತೆ. ಎತ್ತುಗಳು ಸದ್ಯಕ್ಕೆ ಗೋದಲಿಯಲ್ಲೇ ಇವೆ.